ಕಾಲು ಹೋಯ್ತು, ಕೆಲಸವೂ ಹೋಯ್ತು; ಮಗಳ ಫೀಸು?

ಕೋರಮಂಡಲ್ ಎಂದರೆ ನಮ್ಮ ಕರಾವಳಿಯವರಿಗೆ ಮದ್ರಾಸಿನ ಕಡಲ ದಂಡೆ ನೆನಪಾಗುತ್ತದೆ. ನಾವು ಹೋದದ್ದು ಕಡಲಿಲ್ಲದ ಕೋರಮಂಡಲ್‌ಗೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ದಾರಿಯಲ್ಲಿ ಸಿಗುವ ಕೆಜಿಎಫ್‌ನ ನಿಲ್ದಾಣ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆದರೂ ಕೋಲಾರ ಜಿಲ್ಲೆಯೊಳಗೇ ಬೇರೆ ಎಸ್ಪಿ ಇರುವ ಕೆಜಿಎಫ್ ಪೊಲೀಸ್ ಜಿಲ್ಲೆ ಉಳಿದುಕೊಂಡಿದೆ.

ನಾವು ಹುಡುಕಿಕೊಂಡು ಹೋದ ಮನೆಯ ಮಗಳು ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ತಂದೆ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ರಾತ್ರಿ ಬೀಟ್‌ನಲ್ಲಿ ಲಾರಿ ಬಡಿದು ಎಡಗಾಲು ಹೋಯಿತು. ವೈದ್ಯಕೀಯ ಮಂಡಳಿ ಕೆಲಸಕ್ಕೆ ಅನರ್ಹ ಎಂದು ಬರೆಯಿತು, ಇವರು ಪಿಂಚಣಿ ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದರು.

“ಪಿಂಚಣಿ ಊಟಕ್ಕೆ ಸಾಕು ಸಾರ್. ಫೀಸ್ ಎಲ್ಲಿಂದ ತರೋದು? ಸತ್ತಿದ್ರೆ ಏನಾದ್ರೂ ಸಿಗ್ತಿತ್ತೇನೋ.”

ಹೆಂಡತಿ ಒಳಗಿಂದಲೇ ಗದರಿದರು, “ಹಂಗೆಲ್ಲಾ ಆಡ್ಬೇಡಿ, ಸುಮ್ನಿರಿ.”

ಮಾತು ಒರಟು, ಆದರೆ ಪೂರ್ತಿ ಸುಳ್ಳಲ್ಲ. 2019ರ ಮೇ 31ರಂದು ಪ್ರಧಾನ ಮಂತ್ರಿ ವಿದ್ಯಾರ್ಥಿವೇತನವನ್ನು ರಾಜ್ಯ ಪೊಲೀಸರ ಮಕ್ಕಳಿಗೂ ವಿಸ್ತರಿಸಲಾಯಿತು. ವರ್ಷಕ್ಕೆ 500 ಹೊಸಬರಿಗೆ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಆದರೆ ಅದು ಭಯೋತ್ಪಾದಕರ ಅಥವಾ ನಕ್ಸಲರ ದಾಳಿಯಲ್ಲಿ ಹುತಾತ್ಮರಾದವರ ಮಕ್ಕಳಿಗೆ. ಲಾರಿ ಬಡಿದು ಬದುಕಿಕೊಂಡವರ ಮಗಳಿಗೆ ಅದರಲ್ಲಿ ಜಾಗವಿಲ್ಲ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಾದರೆ ಕರ್ತವ್ಯದಿಂದಾಗಿ ಅಂಗವಿಕಲರಾದವರ ಮಕ್ಕಳಿಗೂ ಅವಕಾಶ ಉಂಟು. ಇದು ಯಾವ ನ್ಯಾಯ ಅಂತ ನಮಗೆ ಅರ್ಥವಾಗಲಿಲ್ಲ.

ನಮಗೆ ಹೆಚ್ಚು ಬೇಸರವಾದದ್ದು ಬೇರೆ ವಿಷಯಕ್ಕೆ. ಇವರು ಒಂದು ಮಾತೂ ಕೇಳದೆ ಮನೆಗೆ ಬರಬೇಕಾಗಿರಲಿಲ್ಲ. ಸೇವೆಯಲ್ಲಿದ್ದಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿಯಾಗಿ ಸೃಷ್ಟಿಸಬೇಕು ಎನ್ನುತ್ತದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್. 1995ರ ಕಾಯ್ದೆಯಲ್ಲೂ ಇದಿತ್ತು. ಕಾಲು ಕಳೆದುಕೊಂಡ ಎಸ್‌ಎಸ್‌ಬಿ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಪ್ರಕರಣದಲ್ಲಿ, ಪಿಂಚಣಿ ಕೊಟ್ಟ ಮಾತ್ರಕ್ಕೆ ಈ ರಕ್ಷಣೆ ತಪ್ಪುವುದಿಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿನಾಯಿತಿ ಕೊಡುವ ಅಧಿಕಾರವೂ ಸರ್ಕಾರಕ್ಕಿದೆ. 2021ರಲ್ಲಿ ಕೇಂದ್ರವು ತನ್ನ ಸಶಸ್ತ್ರ ಪಡೆಗಳಿಗೆ, ಐಪಿಎಸ್‌ಗೆ ಕೊಟ್ಟಿತು. ಹಾಗಾಗಿ ಸಹಿ ಹಾಕುವ ಮೊದಲು, ತಮ್ಮ ಹುದ್ದೆಗೆ ಅಂಥ ಆದೇಶ ಇದೆಯೇ ಎಂದು ಲಿಖಿತವಾಗಿ ಕೇಳಬೇಕು. ಸಂಬಳ ಉಳಿದರೆ ಫೀಸಿನ ಚಿಂತೆ ಅರ್ಧ ಕಡಿಮೆ.

ಈಗ ಏನು ದಾರಿ? ಸಿಇಟಿ ಸೀಟು ಆದ್ದರಿಂದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ಗೆ ಅರ್ಜಿ ಹಾಕಬಹುದು, ಅದು ಸಾಲ, ಪುಕ್ಕಟೆ ಅಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇರೆ ಇದೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಕೂಡುವ ಹಣ ಪೊಲೀಸರ ಕಲ್ಯಾಣಕ್ಕೇ ಹೋಗುವುದು, ಎಸ್ಪಿ ಕಚೇರಿಗೂ ಒಂದು ಅರ್ಜಿ ಕೊಡಿ ಎಂದೆವು.

“ನಾನೇ ಓದ್ಬೋದಾ ಸಾರ್?” ಎಂದು ನಕ್ಕರು. ಓದಬಹುದು. 40ಕ್ಕಿಂತ ಕಡಿಮೆಯಿಲ್ಲದ ಶೇಕಡಾವಾರು ಅಂಗವೈಕಲ್ಯ ಇದ್ದವರಿಗೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಶೇ. 5 ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಉಂಟು.

ನಾವು ಹೊರಡುವಾಗ ಅವರು ಬೀರುವಿನಲ್ಲಿ ಯುಡಿಐಡಿ ಕಾರ್ಡು ಹುಡುಕುತ್ತಿದ್ದರು. ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಮಗಳು, “ಅಬ್ಬಾ, ಇನ್‌ಕಮ್ ಸರ್ಟಿಫಿಕೇಟೂ ಬೇಕು, ಹಳೇದು ಆಗಲ್ಲ” ಎನ್ನುತ್ತಿದ್ದಳು.