ಮೂರನೇ ಮ್ಯಾಪ್ ಗ್ಯಾರಂಟಿನಾ?

“ಎರಡೂ ತಂಡ ಸಮಬಲ. ಮೂರನೇ ಮ್ಯಾಪ್ ಗ್ಯಾರಂಟಿ ಮಗಾ!” ರೂಮ್‌ಮೇಟ್ ಪರೀಕ್ಷಾ ಶುಲ್ಕದ ಹಣ ಹಾಕಲು ಹೊರಟಿದ್ದ.

ಕೌಂಟರ್-ಸ್ಟ್ರೈಕ್ 2ರ ‘ಬೆಸ್ಟ್ ಆಫ್ ತ್ರೀ’ಯಲ್ಲಿ ಎರಡು ಮ್ಯಾಪ್ ಗೆದ್ದವರಿಗೆ ಪಂದ್ಯ. ಅದು ಎಷ್ಟು ಉದ್ದ ಸಾಗುತ್ತದೆ ಎಂಬುದರ ಮೇಲೂ ಪ್ರೆಡಿಕ್ಷನ್ ಮಾರ್ಕೆಟ್‌ಗಳಲ್ಲಿ ವ್ಯಾಪಾರವಿದೆ. ‘ಮೂರನೇ ಮ್ಯಾಪ್ ನಡೆಯುತ್ತದೆ’ ಎಂಬುದಕ್ಕೆ ಅಂದು 60 ಸೆಂಟ್. ನಿಜವಾದರೆ 1 ಡಾಲರ್, ಸುಳ್ಳಾದರೆ ಸೊನ್ನೆ.

ನಾನು ನೋಟ್‌ಬುಕ್ ತೆಗೆದೆ. ಪ್ರತಿ ಮ್ಯಾಪ್‌ನಲ್ಲೂ ಸಮ ಅವಕಾಶವಿದ್ದರೆ, ಮೊದಲನೆಯದನ್ನು ಸೋತವರು ಎರಡನೆಯದನ್ನು ಗೆಲ್ಲುವ ಸಾಧ್ಯತೆ ಶೇ 50 ಮಾತ್ರ. 50 ಸೆಂಟಿನ ಸರಕಿಗೆ 60 ಕೊಡುವುದೇ? ಮೇಲಾಗಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟ ನಮ್ಮ 2025ರ ಕಾಯ್ದೆ ಹಣ ಕಟ್ಟಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅವನು ಸುಮ್ಮನಾದ.

ಆ ರಾತ್ರಿ ಮೂರನೇ ಮ್ಯಾಪ್ ನಡೆದೇಬಿಟ್ಟಿತು! “ಛೇ, ಗೆಲ್ತಿದ್ದೆ ಕಣೋ” ಎಂದ. ಒಂದು ಊಹೆ ಫಲಿಸಿದ ಮಾತ್ರಕ್ಕೆ ದುಬಾರಿ ಬೆಲೆ ಸರಿಯಾಗದು. ಮರುದಿನ ಶುಲ್ಕ ಕಟ್ಟಲು ಹಣ ಅವನ ಕೈಯಲ್ಲೇ ಇತ್ತು.