ಶಿಳ್ಳೆ ನುಂಗಿದ ಸಿಗರೇಟು!

ತೆರೆ ಮೇಲೆ ಅಪ್ಪು ಎಂಟ್ರಿ! ಥಿಯೇಟರಿಗೆ ಥಿಯೇಟರೇ ಎದ್ದು ನಿಂತಿದೆ. ಹೂವು, ಕಾಗದದ ಚೂರು, ಕೂಗಾಟ! ನಾನೂ ಬೆರಳು ಮಡಚಿ ಬಾಯಿಗಿಟ್ಟೆ. ನಮ್ಮ ಗ್ಯಾಂಗಿನಲ್ಲಿ ಶಿಳ್ಳೆಗೆ ನಾನೇ ನಂಬರ್ ಒನ್... ಆದರೆ ಅವತ್ತು ಬಂದದ್ದು ಬರೀ ಗಾಳಿ. ಅದರ ಬೆನ್ನಿಗೇ ಕೆಮ್ಮು. ಕೆಮ್ಮಿ ಕೆಮ್ಮಿ, ಕಣ್ಣೊರೆಸಿಕೊಂಡು ತಲೆ ಎತ್ತೋ ಹೊತ್ತಿಗೆ ಎಂಟ್ರಿ ಮುಗಿದೇ ಹೋಗಿತ್ತು!

ಅದು 2024ರ ಮಾರ್ಚ್. 'ಜಾಕಿ' ಮರುಬಿಡುಗಡೆ ಆಗಿದ್ದ ಸಮಯ. 2010ರಲ್ಲಿ ಇದೇ ಚಿತ್ರಕ್ಕೆ ಸ್ಕೂಲಿಗೆ ಚಕ್ಕರ್ ಹೊಡೆದು ಹೋಗಿದ್ದೆ. ನನ್ನ ಶಿಳ್ಳೆಗೆ ಮುಂದಿನ ಸಾಲಿನವರು ತಿರುಗಿ ಬೈದಿದ್ದರು. ಈಗ ಪಕ್ಕದ ಸೀಟಿನ ಹುಡುಗ ಬಾಟಲಿ ಚಾಚಿ, "ನೀರು ಕುಡೀರಿ ಅಂಕಲ್" ಅಂದ. ಅಂಕಲ್! ನನಗಿನ್ನೂ ಮೂವತ್ತಾಗಿಲ್ಲ ಗುರು!

ದಮ್ಮು ಹೊಡೆಯೋದು ಕಲಿತದ್ದು ಪಿಯುಸಿಯಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ. ಪಿಯುಸಿ ಅರ್ಧಕ್ಕೇ ಬಿಟ್ಟೆ, ದಮ್ಮು ಬಿಡಲಿಲ್ಲ. ಕಲಿಸಿದ ಗುರು ಯಾರು ಅಂತೀರಾ? ಸಾಕ್ಷಾತ್ ರಜನೀಕಾಂತ್! ಸಿಗರೇಟನ್ನು ಗಾಳಿಗೆ ಚಿಮ್ಮಿ ತುಟಿಯಲ್ಲಿ ಹಿಡಿಯೋ ಆ ಸ್ಟೈಲ್ ಇದೆಯಲ್ಲ, ಅದಕ್ಕಾಗಿ ನಾನು ನೆಲಕ್ಕೆ ಬೀಳಿಸಿದ ಸಿಗರೇಟುಗಳಿಗೆ ಲೆಕ್ಕವೇ ಇಲ್ಲ. (ನಮ್ಮ ಅಣ್ಣಾವ್ರನ್ನು ನೋಡಿ ಸಿಗರೇಟು ಕಲಿತೆ ಅಂದವನನ್ನು ನಾನಂತೂ ಕಂಡಿಲ್ಲ.)

ಆ ಸ್ಟೈಲ್ ಗುರುವೇ 2023ರ ಜನವರಿಯಲ್ಲಿ ಚೆನ್ನೈನ ಸಮಾರಂಭವೊಂದರಲ್ಲಿ ಮನಸ್ಸು ಬಿಚ್ಚಿದರು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದಾಗ ದಿನಾ ಕುಡಿತ, ಲೆಕ್ಕವಿಲ್ಲದಷ್ಟು ಸಿಗರೇಟು. ತಮ್ಮನ್ನು ಬದಲಾಯಿಸಿದ್ದು ಮಡದಿ ಲತಾ ಅವರ ಪ್ರೀತಿ ಅಂದರು. ಮರುವರ್ಷ ನವೆಂಬರಿನಲ್ಲಿ ಶಾರುಖ್ ಖಾನ್ ಸರದಿ. ಒಂದು ಕಾಲಕ್ಕೆ ದಿನಕ್ಕೆ ನೂರು ಸೇದುತ್ತೇನೆ ಅಂದಿದ್ದ ಮನುಷ್ಯ, ಹುಟ್ಟುಹಬ್ಬದ ದಿನ ಅಭಿಮಾನಿಗಳೆದುರು 'ಬಿಟ್ಟೆ' ಅಂದ. ಬಿಟ್ಟರೆ ಏದುಸಿರು ಹೋಗುತ್ತೆ ಅಂದುಕೊಂಡಿದ್ದೆ, ಇನ್ನೂ ಪೂರ್ತಿ ಹೋಗಿಲ್ಲ ಅಂತಲೂ ಒಪ್ಪಿಕೊಂಡ. ಆ ಎರಡನೇ ಮಾತೇ ನನಗೆ ಹಿಡಿಸಿದ್ದು.

ಹೆದರಿಕೆಯಿಂದ ಬಿಡಬಹುದಿತ್ತಲ್ಲ ಅಂತೀರಾ? 2012ರಿಂದ ಥಿಯೇಟರಿನಲ್ಲಿ ಎಚ್ಚರಿಕೆ ಚಿತ್ರ ತೋರಿಸುತ್ತಲೇ ಇದ್ದಾರೆ. ನೋಡಿ 'ಅಯ್ಯೋ ಪಾಪ' ಅಂತೇವೆ. ಇಂಟರ್ವಲ್ ಬೆಲ್ ಆದ ತಕ್ಷಣ ಅದೇ ಗ್ಯಾಂಗು ಗೇಟಿನಾಚೆ ಬೆಂಕಿಪೊಟ್ಟಣ ಹುಡುಕುತ್ತೆ! ಕ್ಯಾನ್ಸರ್ ಬರೋದು ಇನ್ಯಾರಿಗೋ ಅನ್ನೋ ಧೈರ್ಯ. ಆದರೆ ಶಿಳ್ಳೆ ಹೋದದ್ದು ನನ್ನದೇ, ನನ್ನ ಕಣ್ಣೆದುರೇ.

ಯುಗಾದಿ ದಿನ ಬೇವು-ಬೆಲ್ಲ ತಿಂದು ಶಪಥ ಮಾಡಿದೆ. ಒಬ್ಬಟ್ಟಿನ ಊಟ ಆದಮೇಲೆ ಹಚ್ಚಿದೆ! ಎರಡನೇ ಸಲ ಉಚಿತ ಸಹಾಯವಾಣಿಗೆ ಫೋನ್ ಮಾಡಿದೆ. ನಂಬರು 1800-11-2356. ಮೊದಲ ಎರಡು-ಮೂರು ದಿನವೇ ಘೋರ, ಚಪಲ ಬಂದರೂ ಕೆಲವು ನಿಮಿಷಕ್ಕೆ ಇಳಿಯುತ್ತೆ, ಆ ನಿಮಿಷ ದಾಟಿಸಿ ಅನ್ನೋದು ಅಲ್ಲಿ ಸಿಕ್ಕ ಸೂತ್ರ. ಮೂರು ದಿನ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಟೀ ಅಂಗಡಿ ಬದಲಾಯಿಸಿದೆ. ಹಳೇ ಅಂಗಡಿಯವನು ಈಗಲೂ ಮುಖ ಗಂಟಿಕ್ಕಿಕೊಳ್ತಾನೆ. ಕೈ ಸುಮ್ಮನಿರಲಾರದಾಗ ಲವಂಗ ಬಾಯಿಗೆ ಹಾಕಿಕೊಂಡು ತಾರಸಿಗೆ ಹೋಗಿ ಶಿಳ್ಳೆ ಪ್ರಾಕ್ಟೀಸು. "ರಾತ್ರಿ ಹೊತ್ತು ಶಿಳ್ಳೆ ಹಾಕಿದ್ರೆ ಹಾವು ಬರ್ತದೆ ಕಣೋ" ಅಂತ ಅಮ್ಮ ಕೆಳಗಿಂದ ಕೂಗೋಳು. ಹಾವೇನು, ಒಂದು ಜಿರಳೆಯೂ ತಿರುಗಿ ನೋಡದಂಥ ಶಿಳ್ಳೆ ಅದು! ಬಿಟ್ಟ ಎರಡು ವಾರದಿಂದ ಮೂರು ತಿಂಗಳೊಳಗೆ ಶ್ವಾಸಕೋಶ ಚೇತರಿಸಿಕೊಳ್ಳೋಕೆ ಶುರುಮಾಡುತ್ತಂತೆ. ನನಗೆ ಮೆಟ್ಟಿಲು ಹತ್ತುವಾಗ ಗೊತ್ತಾಯಿತು, ಶಿಳ್ಳೆಯಲ್ಲಿ ಅಲ್ಲ.

2025ರ ಮಾರ್ಚ್ 14. ಈ ಸಲ 'ಅಪ್ಪು' ಮರುಬಿಡುಗಡೆ. ಟಿಕೆಟ್ ಕೈಯಲ್ಲಿ, ಎದೆಯಲ್ಲಿ ಢವಢವ... ಕೆಮ್ಮಿದರೆ ಏನು ಗತಿ? ದೀಪ ಆರಿತು. ತೆರೆ ಮೇಲೆ ಅಪ್ಪು ಬಂದರು. ಬೆರಳು ಮಡಚಿ ಉಸಿರು ಎಳೆದುಕೊಂಡೆ. ಊದಿದೆ.

ಮುಂದಿನ ಸಾಲಿನವರೊಬ್ಬರು ಕಿವಿ ಮುಚ್ಚಿಕೊಂಡು ತಿರುಗಿ, ಬಾಯಿಗೆ ಬಂದಂತೆ ಬೈದರು!