ಶಾಸನದ ಅರ್ಥವೂ ಊರಿನ ಓದುಗನೂ

ಕರ್ಣಾಟಕದ ಚರಿತ್ರೆಗೆ ಮುಖ್ಯ ಆಧಾರಗಳಾದ ಶಿಲಾಶಾಸನಗಳಲ್ಲಿ ಅನೇಕವು ಇಂದಿಗೂ ಕೆರೆಯ ಏರಿಯ ಮೇಲೆ, ದೇವಾಲಯದ ಮುಂದೆ, ಹೊಲದ ಬದುವಿನಲ್ಲಿ ನಿಂತಿವೆ. ಅವುಗಳನ್ನು ದಿನನಿತ್ಯ ಕಾಯುವವರು ವಿದ್ವಾಂಸರಲ್ಲ, ಆಯಾ ಊರಿನ ಜನ. ಕಲ್ಲಿನಲ್ಲಿ ಏನಿದೆಯೆಂಬುದು ಅವರಿಗೆ ತಿಳಿಯದೆ ಹೋದರೆ, ಅದು ಬಟ್ಟೆ ಒಗೆಯುವ ಚಪ್ಪಡಿಯಾಗುವುದಕ್ಕೂ ಮೋರಿಯ ಹಾಸುಗಲ್ಲಾಗುವುದಕ್ಕೂ ತಡವಿಲ್ಲ. ಆದಕಾರಣ ಸಾಮಾನ್ಯ ವಾಚಕರಿಗೆ ತಿಳಿಯುವಂತೆ ಬರೆಯುವುದನ್ನು ನಾವು ಆಧಾರಗಳ ರಕ್ಷಣೆಯ ಒಂದು ಅಂಗವೆಂದೇ ಎಣಿಸಬೇಕಾಗಿದೆ.

ಶಾಸನಗಳನ್ನು ಬರೆಸಿದವರು ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗಂಗರ ಹಲವು ತಾಮ್ರಶಾಸನಗಳಲ್ಲಿ ವಂಶಾವಳಿಯೂ ರಾಜಪ್ರಶಸ್ತಿಯೂ ಸಂಸ್ಕೃತದಲ್ಲಿವೆ. ದಾನಕೊಟ್ಟ ಭೂಮಿಯ ಎಲ್ಲೆಗಳನ್ನು ಹೇಳುವ ಭಾಗ ಬಂದೊಡನೆ ಭಾಷೆ ಕನ್ನಡವಾಗುತ್ತದೆ. ಕೀರ್ತಿಯ ಮಾತು ಕೆಲವರಿಗೆ ಮಾತ್ರ ತಿಳಿದರೂ ನಡೆಯುತ್ತಿತ್ತು. ಎಲ್ಲೆಯ ಮಾತು ನೆರೆಹೊಲದವನಿಗೆ ತಿಳಿಯದಿದ್ದರೆ ವ್ಯಾಜ್ಯ ತಪ್ಪುತ್ತಿರಲಿಲ್ಲ.

ಆಧುನಿಕ ಕಾಲದಲ್ಲಿ ಬಿ. ಎಲ್. ರೈಸ್ ಅವರು 1886ರಿಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಪ್ರಕಟಿಸತೊಡಗಿದರು. ಮೂಲಪಾಠವು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚಾಯಿತು. ಅನುವಾದವೂ ಪೀಠಿಕೆಯೂ ಇಂಗ್ಲಿಷಿನಲ್ಲಿದ್ದವು. ಆ ಮಹಾಕಾರ್ಯದ ಉಪಕಾರ ಅಪಾರವಾದುದು. ಆದರೂ ಹಳಗನ್ನಡವನ್ನಾಗಲಿ ಇಂಗ್ಲಿಷನ್ನಾಗಲಿ ಅರಿಯದ ಕನ್ನಡಿಗನಿಗೆ ತನ್ನೂರಿನ ಕಲ್ಲಿನ ಅರ್ಥ ದೊರೆಯದೆ ಉಳಿಯಿತು. ಮುಂದೆ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು, 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದರು. ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂಬುದು ಅಂದೇ ಸಿದ್ಧವಾಯಿತು. ಇಂದು ನಮ್ಮ ಮುಂದಿರುವ ಪ್ರಶ್ನೆ ಬೇರೆ: ಕನ್ನಡದಲ್ಲಿಯೇ ಬರೆದ ಚರಿತ್ರೆ ಕನ್ನಡಿಗನಿಗೆ ತಿಳಿಯುತ್ತಿದೆಯೇ?

ಒಮ್ಮೆ ಒಂದು ಕೆರೆಯ ಏರಿಯ ಮೇಲೆ ಶಾಸನದ ಪಡಿಯಚ್ಚು ತೆಗೆಯುತ್ತಿದ್ದಾಗ ಊರಿನ ಹಿರಿಯರೊಬ್ಬರು ಬಂದು ಅದರಲ್ಲಿ ಏನಿದೆಯೆಂದು ಕೇಳಿದರು. “ಇದು ಬಿತ್ತುವಟ್ಟದ ಶಾಸನ” ಎಂದೆ. “ಹಾಗಂದರೆ ಏನು ಸ್ವಾಮಿ?” ಎಂದರು. ಕೆರೆಗೆ ಸಂಬಂಧಪಟ್ಟ ಒಂದು ದತ್ತಿ ಎಂಬುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ. ಆ ಶಬ್ದವನ್ನು ನಾನು ಹಲವು ಸಲ ಬರೆದಿದ್ದೆ. ಅರ್ಥವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಕ್ಲಿಷ್ಟವಾದ ಬರವಣಿಗೆ ಓದುಗನ ಅಜ್ಞಾನಕ್ಕಿಂತ ಲೇಖಕನ ಅಜ್ಞಾನವನ್ನೇ ಹೆಚ್ಚಾಗಿ ಮರೆಮಾಡುತ್ತದೆ ಎಂಬುದು ಅಂದು ನನಗೆ ಮನವರಿಕೆಯಾಯಿತು.

ಮಾದರಿಗಾಗಿ ಇಂಥದೊಂದು ವಾಕ್ಯವನ್ನು ಪರಿಶೀಲಿಸೋಣ: “ತಟಾಕನಿರ್ಮಾಣನಿಮಿತ್ತವಾಗಿ ಸರ್ವಬಾಧಾಪರಿಹಾರಪೂರ್ವಕವಾದ ಬಿತ್ತುವಟ್ಟದ ಪ್ರದಾನವು ಇಲ್ಲಿ ಉಲ್ಲೇಖಿತವಾಗಿದೆ.” ಇದನ್ನೇ “ಕೆರೆ ಕಟ್ಟಿಸಿದವನಿಗೆ ಆ ಕೆರೆಯ ನೀರಾವರಿ ಭೂಮಿಯಲ್ಲಿ ಒಂದು ಪಾಲನ್ನು ತೆರಿಗೆಯಿಲ್ಲದೆ ಬಿಟ್ಟುಕೊಟ್ಟರು” ಎಂದು ಬರೆಯಬಹುದು. ಹೀಗೆ ಬರೆದ ಕೂಡಲೆ ಪ್ರಶ್ನೆಗಳು ಏಳುತ್ತವೆ. ಕೊಟ್ಟವರು ಯಾರು, ಅರಸನೋ ಊರಿನವರೋ? ಪಾಲು ಎಷ್ಟು? ಮುಂದೆ ಕೆರೆಯ ಹೂಳು ತೆಗೆಸುವ ಹೊಣೆ ಯಾರದು? ಮೊದಲನೆಯ ವಾಕ್ಯದಲ್ಲಿ ಕರ್ತೃವೇ ಇಲ್ಲವಾದ್ದರಿಂದ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಸರಳವಾದ ವಾಕ್ಯ ನಮ್ಮನ್ನು ಮತ್ತೆ ಶಾಸನದ ಕಡೆಗೆ ಅಟ್ಟುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ಸಂಸ್ಕೃತ ಶಬ್ದಗಳನ್ನು ತೆಗೆದುಹಾಕಿದರೆ ಬರಹ ಸುಲಭವಾಗುತ್ತದೆಂಬುದು ಮೊದಲನೆಯದು. ಹದಿಮೂರನೆಯ ಶತಮಾನದ ಆಂಡಯ್ಯನು ‘ಕಬ್ಬಿಗರ ಕಾವ’ದಲ್ಲಿ ಸಂಸ್ಕೃತದ ತತ್ಸಮಗಳನ್ನು ಬಿಟ್ಟು ದೇಶ್ಯ, ತದ್ಭವಗಳಿಂದಲೇ ಕಾವ್ಯವನ್ನು ಕಟ್ಟಿದನು, ಇಂದಿನ ಓದುಗನಿಗೆ ಅದು ಟೀಕೆಯಿಲ್ಲದೆ ತಿಳಿಯದು. ದಾನ, ಭೂಮಿ, ದೇವಾಲಯ ಸಂಸ್ಕೃತ ಶಬ್ದಗಳಾದರೂ ಎಲ್ಲರ ಬಾಯಲ್ಲಿವೆ. ‘ಬಾಳ್ಗಚ್ಚು’ ಅಚ್ಚಗನ್ನಡವಾದರೂ ಯಾರಿಗೂ ತಿಳಿಯದು. ಬಾಳ್ ಎಂದರೆ ಕತ್ತಿ. ಕಚ್ಚು ಎಂದರೆ ತೊಳೆಯುವುದು. ವೀರನ ಕತ್ತಿಯನ್ನು ತೊಳೆದು ಗೌರವಿಸಿ ಕೊಡುವ ದತ್ತಿಗೆ ಈ ಹೆಸರು. ಹಲ್ಮಿಡಿ ಶಾಸನದಲ್ಲಿ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಊರುಗಳನ್ನು ಹೀಗೆ ಕೊಟ್ಟ ಸಂಗತಿಯಿದೆ. ಪರಿಭಾಷೆಯನ್ನು ಬಿಡಬೇಕಾಗಿಲ್ಲ, ಮೊದಲ ಸಲ ಬಂದಲ್ಲಿ ಅರ್ಥವನ್ನು ಜೊತೆಗೇ ಹೇಳಿದರೆ ಸಾಕು. ಶಬ್ದದ ಕುಲಕ್ಕಿಂತ ಅದರ ಬಳಕೆಯನ್ನು ನೋಡಬೇಕು.

ಸುಲಭವಾಗಿ ಬರೆಯುವಾಗ ಸಂದೇಹಗಳನ್ನು ಮುಚ್ಚಿಡಬಹುದೆಂಬುದು ಎರಡನೆಯ ತಪ್ಪು. ಹಲ್ಮಿಡಿ ಶಾಸನ ಕ್ರಿ. ಶ. 450ರದೆಂದು ಖಂಡಿತವಾಗಿ ಬರೆಯುವುದು ಸುಲಭ, ಆದರೆ ಸರಿಯಲ್ಲ. “ಕಲ್ಲಿನಲ್ಲಿ ವರ್ಷವನ್ನು ಹೇಳಿಲ್ಲ. ಅಕ್ಷರಗಳ ರೂಪವನ್ನೂ ಅದರಲ್ಲಿ ಬರುವ ಅರಸನ ಹೆಸರನ್ನೂ ನೋಡಿ ಸುಮಾರು 450 ಎಂದು ವಿದ್ವಾಂಸರು ಊಹಿಸಿದ್ದಾರೆ” ಎಂಬುದು ಅಷ್ಟೇ ಸರಳವೂ ಹೌದು, ಸತ್ಯವೂ ಹೌದು. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಮಾಘ, ಫಾಲ್ಗುಣಗಳ ತಿಥಿಯಿದ್ದರೆ 79ನ್ನು ಕೂಡಿಸಬೇಕಾದೀತು. ಇದನ್ನು ಒಂದು ವಾಕ್ಯದಲ್ಲಿ ತಿಳಿಸಿದರೆ ಯಾವ ಓದುಗನೂ ಬೇಸರಪಡುವುದಿಲ್ಲ. ಸಾಮಾನ್ಯ ವಾಚಕನಿಗೆ ನಮ್ಮ ಪರಿಭಾಷೆಯ ಪರಿಚಯವಿಲ್ಲ; ಆದರೆ ಸಾಕ್ಷ್ಯವನ್ನು ತೂಗುವ ವಿವೇಕವಿದೆ.

ಆದ್ದರಿಂದ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶಾಸನದ ವಿಷಯವನ್ನು ಬರೆದಾದಮೇಲೆ ಯಾರು, ಯಾರಿಗೆ, ಏನನ್ನು, ಯಾವ ಕಟ್ಟಳೆಯ ಮೇಲೆ ಕೊಟ್ಟರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದೆಯೇ ಎಂದು ನೋಡಬೇಕು. ಉತ್ತರ ಅಳಿಸಿಹೋಗಿದ್ದರೆ ಹಾಗೆಂದೇ ಬರೆಯಬೇಕು. ಬಳಿಕ ಸಾಧ್ಯವಾದರೆ ಆ ಕಲ್ಲಿರುವ ಊರಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೇಳುವವರು ಎಲ್ಲಿ ತಡೆದು ಪ್ರಶ್ನಿಸುವರೋ ಅಲ್ಲಿ ತಿದ್ದುವ ಕೆಲಸವಿದೆಯೆಂದು ತಿಳಿಯಬೇಕು. ಮರುಸಲ ಆ ಕೆರೆಯ ಬಳಿಗೆ ಹೋದಾಗ ನಾನು ಹಿರಿಯರಿಗೆ ಅರ್ಥವನ್ನು ಬಿಡಿಸಿ ಹೇಳಿದೆ. ಅವರು ಏರಿಯನ್ನೊಮ್ಮೆ ನೋಡಿ, “ಹಾಗಾದರೆ ಈ ಕಲ್ಲು ನಮ್ಮ ಕೆರೆಯ ಪತ್ರ” ಎಂದರು. ನನ್ನ ವರದಿಯಲ್ಲಿ ಅಷ್ಟು ನೇರವಾದ ವಾಕ್ಯ ಒಂದೂ ಇರಲಿಲ್ಲ.